ಡೇರಿಯಲ್ಲಿ ಮಾತ್ರ ಆಗದ ಲಾಗಿನ್

"ನನ್ನ ಲ್ಯಾಪ್‌ಟಾಪಲ್ಲಿ ನಾನು ಬರೆದ ಹಾಲಿನ ಆ್ಯಪ್‌ಗೆ ಲಾಗಿನ್ ಆಗುತ್ತೆ ಕಣೇ. ಹಳ್ಳಿ ಡೇರಿ ಕಂಪ್ಯೂಟರಿಗೆ ಹಾಕಿದ ಮೇಲೆ ಒಬ್ಬರಿಗೂ ಆಗ್ತಿಲ್ಲ. ಭೀಮರಾಜನ ಕೆಲಸ ಹೋಗುತ್ತೆ," ಎಂದಳು ಪಕ್ಕದ ರೂಮಿನ ಅನಿತ.

ಕೋಲಾರದ ನಮ್ಮ ಹಾಸ್ಟೆಲಿನಲ್ಲಿ ಏನು ಕಳೆದರೂ, ಏನು ಕೆಟ್ಟರೂ ಎಲ್ಲರೂ ಬರುವುದು ನನ್ನ ರೂಮ್‌ಮೇಟ್ ಧನಶ್ರೀ ಹತ್ತಿರ. ಅವಳು ಪುಸ್ತಕ ಮುಚ್ಚಿದಳು. "ಯಾರವನು?"

"ಹಾಲು ಅಳೆಯೋನು. ಆ್ಯಪ್ ಬಂದ್ರೆ ನಮ್ಮನ್ನ ಕೇಳೋರ್ಯಾರು ಅಂತ ಗೊಣಗ್ತಿದ್ದ. ಕಂಪ್ಯೂಟರ್ ಕೋಣೆ ಬೀಗದ ಕೈ ಅವನ ಹತ್ರಾನೇ ಇರೋದು. ಅವನೇ ಕೆಡಿಸಿದ್ದು ಅಂತಾರೆ ಡೇರಿ ಸೆಕ್ರೆಟರಿ."

ಮರುದಿನ ಬೆಳಿಗ್ಗೆ ಮೂವರೂ ಕ್ಯಾಲನೂರು ಕಡೆಯ ಆ ಹಳ್ಳಿಗೆ ಹೋದೆವು. ಮುನಿಯಲ್ಲಮ್ಮ ಎಂಬ ಮುದುಕಿ ಹಾಲಿನ ಕ್ಯಾನ್ ಹಿಡಿದು ನಿಧಾನವಾಗಿ ಡೇರಿಗೆ ಬರುತ್ತಿದ್ದಳು.

"ಗಡಿಯಾರ ನೋಡಜ್ಜಿ, ಲೇಟಾಯ್ತು," ಎಂದೆ, ಡೇರಿಯ ಗೋಡೆ ಗಡಿಯಾರ ತೋರಿಸಿ.

"ಆ ಗಡಿಯಾರಕ್ಕೆ ನಾನು ದಿನಾ ಲೇಟೇ. ಹಾಲು ಒಯ್ಯೋ ಟ್ಯಾಂಕರೇ ಬಂದಿಲ್ಲ, ನಿಂಗ್ಯಾಕಮ್ಮ ಅವಸರ?"

ಒಳಗೆ ಧನಶ್ರೀ ತನ್ನ ನಂಬರ್ ಹಾಕಿದಳು. ಮೊಬೈಲಿಗೆ ಒಟಿಪಿ ತಕ್ಷಣ ಬಂತು. ಒತ್ತಿದ ಕೂಡಲೇ ಪರದೆ ಹೇಳಿತು: ಒಟಿಪಿ ಅವಧಿ ಮುಗಿದಿದೆ. ಅವಳು ಮುನಿಯಲ್ಲಮ್ಮನಿಗೆ ಆಗತಾನೇ ಮುದ್ರಿಸಿಕೊಟ್ಟ ಹಾಲಿನ ಚೀಟಿ ಇಸಿದುಕೊಂಡು ಮೊಬೈಲಿನ ಪಕ್ಕ ಹಿಡಿದಳು. ನನಗೇನೂ ಹೊಳೆಯಲಿಲ್ಲ.

"ಎಲ್ಲರನ್ನೂ ಕರೀರಿ," ಎಂದಳು.

ಜನ ಸೇರಿದರು. ಭೀಮರಾಜ್ ಕೈಕಟ್ಟಿ ಬಾಗಿಲಲ್ಲೇ ನಿಂತ.

"ಒಟಿಪಿ ಕಳಿಸೋ ಕಂಪನಿ ಅದರ ಜೊತೆ ಕಳಿಸಿದ ಸಮಯಾನೂ ಹೇಳುತ್ತೆ. ಕಂಪ್ಯೂಟರಿನ ಸಮಯ ಅದಕ್ಕಿಂತ ಐದು ನಿಮಿಷ ದಾಟಿದ್ರೆ ಆ್ಯಪ್ ಒಪ್ಪಲ್ಲ. ಅನಿತಳ ಲ್ಯಾಪ್‌ಟಾಪಿನ ಸಮಯ ಸರಿಯಿತ್ತು, ನಡೀತು. ಚೀಟಿ ಮೇಲಿನ ಸಮಯ ನೋಡಿ, ಈ ಕಂಪ್ಯೂಟರ್ ನನ್ನ ಮೊಬೈಲಿಗಿಂತ ಕಾಲು ಗಂಟೆ ಮುಂದಿದೆ. ಈಗ ತಾನೇ ಬಂದ ಒಟಿಪಿನೂ ಇದಕ್ಕೆ ಹಳೇದು. ಮುಂದಿಟ್ಟಿದ್ದು ಯಾರು? ಆ್ಯಪ್ ಕೆಡಿಸೋಕೆ ಭೀಮರಾಜ್ ಇಟ್ಟಿದ್ರೆ ಗೋಡೆ ಗಡಿಯಾರಾನೂ ಅಷ್ಟೇ ಯಾಕೆ ಮುಂದಿದೆ? ಅಜ್ಜಿ ಅದಕ್ಕೆ ದಿನಾ ಲೇಟು. ಆ್ಯಪ್ ಬಂದಿದ್ದು ಮೊನ್ನೆ."

ಸೆಕ್ರೆಟರಿ ಕೋದಂಡರಾಮಪ್ಪ ಕನ್ನಡಕ ತೆಗೆದರು. "ನಾನೇ ಇಟ್ಟಿದ್ದಮ್ಮ. ಟ್ಯಾಂಕರ್ ಹೊರಡೋ ಹೊತ್ತಿಗೆ ಇವ್ರು ಓಡಿ ಬರ್ತಿದ್ರು, ಅದಕ್ಕೆ ಗಡಿಯಾರ ಮುಂದೆ ಮಾಡ್ದೆ. ಚೀಟೀಲಿ ಬೇರೆ ಟೈಮ್ ಬಂದ್ರೆ ಜಗಳಕ್ಕೆ ನಿಲ್ತಾರೆ ಅಂತ ಕಂಪ್ಯೂಟರನ್ನೂ ಅದಕ್ಕೆ ಹೊಂದಿಸ್ದೆ. ವರ್ಷಗಳಾಯ್ತು, ಮರ್ತೇಬಿಟ್ಟಿದ್ದೆ."

ಅನಿತ ಕಂಪ್ಯೂಟರಿನ ಸಮಯ ಸರಿಪಡಿಸಿದಳು. ಮೊದಲು ಮುನಿಯಲ್ಲಮ್ಮನ ಲಾಗಿನ್ ಆಯಿತು. ಆಮೇಲೆ ಉಳಿದವರದೂ.

"ಸಂಜೆ ಹಾಲು ಅಳೆಯೋಕೆ ಬಂದ್ಬಿಡಪ್ಪ," ಎಂದರು ಕೋದಂಡರಾಮಪ್ಪ, ತಲೆ ಎತ್ತದೆ.

"ಬರ್ತೀನಿ ಸಾರ್," ಎಂದ ಭೀಮರಾಜ್. "ಕೆಡಿಸ್ದೋನು ಅಂತ ಎಲ್ರ ಮುಂದೆ ಅಂದ್ರಿ. ಅಲ್ಲ ಅಂತಾನೂ ಎಲ್ರ ಮುಂದೇನೇ ಹೇಳಿ."

ಅವರು ಅವನನ್ನೇ ನೋಡಿದರು. ಆಮೇಲೆ ಎದ್ದು, ಹೊರಗೆ ಕ್ಯಾನ್ ತೊಳೆಯುತ್ತಿದ್ದವರನ್ನೂ ಒಳಗೆ ಕರೆದು, ಹೇಳಿದರು.