ಒಂದು ಗೇಣು ಆಚೆ

ಒಂದಾನೊಂದು ಓಣಿಯ ಒಂದಾನೊಂದು ಮನೆಯ ಮಹಡಿ ಕೋಣೆಯಲ್ಲಿ, ಹೇಳದೆ ಕೇಳದೆ ಬಂದು ನೆಲೆಸಿದ ಒಂದು ಪ್ರತಿಧ್ವನಿ ಇತ್ತು. ಯಾರಾದರೂ ಕೆಮ್ಮಿದರೆ ತಾನೂ ಕೆಮ್ಮುತ್ತಿತ್ತು. ಬಾಗಿಲು ಹಾಕಿದರೆ ತಾನೂ ಎಲ್ಲೋ ಇನ್ನೊಂದು ಬಾಗಿಲು ಹಾಕುತ್ತಿತ್ತು. ಹಾಡು ಹಚ್ಚಿದರಂತೂ ಕರೆಯದೆ ಬಂದ ನೆಂಟರ ಹಾಗೆ ನಡುವೆ ಬಾಯಿ ಹಾಕಿ ಎಲ್ಲ ಕೆಡಿಸುತ್ತಿತ್ತು.

ಆ ಮನೆಯಲ್ಲಿ ಇದ್ದವರು ಇಬ್ಬರೇ. ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಅಪ್ಪ, ಕೆಳಗಿನ ಹಜಾರದಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡ ಮಗಳು. ಎಂಜಿನ್ನಿನ ಪಕ್ಕದಲ್ಲೇ ಆಯುಸ್ಸು ಸವೆಸಿದ ಅಪ್ಪನಿಗೆ ಉಳಿದದ್ದು ಒಂದೇ ಆಸೆ. ಅವನ ಬಳಿ ಒಂದು ಹಳೆಯ ರೆಕಾರ್ಡ್ ಇತ್ತು. ಅದರಲ್ಲಿ ಎರಡು ಪಿಟೀಲುಗಳಿವೆ ಎಂದು ಕವರಿನ ಮೇಲೆ ಅಚ್ಚಾಗಿತ್ತು. ಮಹಡಿ ಕೋಣೆಯ ಸ್ಪೀಕರುಗಳಲ್ಲಿ ಹಾಕಿದರೆ ಅಪ್ಪನಿಗೆ ಕೇಳುತ್ತಿದ್ದದ್ದು ಒಂದೇ ಪಿಟೀಲು. ಕಿವಿ ಪೂರ್ತಿ ಕೈಕೊಡುವ ಮೊದಲು ಆ ಎರಡನೆಯದನ್ನೊಮ್ಮೆ ಕೇಳಬೇಕು, ಅಷ್ಟೇ.

ಹೀಗಿರುವಾಗ ಒಂದು ಭಾನುವಾರ ಆ ಕೋಣೆ ಸರಿಮಾಡಲು ಬಡಗಿ ಬಂದ. ಕೋಣೆಯ ನಡುವೆ ನಿಂತು ಒಂದು ಸಲ ಚಪ್ಪಾಳೆ ತಟ್ಟಿ, ಕತ್ತು ಓರೆ ಮಾಡಿ, ಗೋಡೆಗಳು ಮರಳಿ ತಟ್ಟುವುದನ್ನು ಕೇಳಿಸಿಕೊಂಡ.

"ನಿಮ್ಮ ಸ್ಪೀಕರ್‌ಗೆ ಏನೂ ಆಗಿಲ್ಲ ಯಜಮಾನ್ರೇ. ಗೋಡೆಗಳಿಗೆ ಬಾಯಿ ಜಾಸ್ತಿ."

"ನನ್ನ ಮಗಳ ಥರ," ಎಂದ ಅಪ್ಪ.

"ಅಪ್ಪಾ, ನಾನು ಇಲ್ಲೇ ಇದೀನಿ," ಎಂದಳು ಬಾಗಿಲಲ್ಲಿ ನಿಂತಿದ್ದ ಮಗಳು.

"ನೋಡ್ಕೊಂಡೇ ಹೇಳಿದ್ದು."

ಬಡಗಿ ನಗಲಿಲ್ಲ. ನಗು ತಡೆದದ್ದಕ್ಕೆ ಅವನ ಕಿವಿಯ ತುದಿ ಮಾತ್ರ ಕೆಂಪಾಯಿತು. ಅವಳು ಮೊದಲು ನೋಡಿದ್ದು ಆ ಕಿವಿಯನ್ನೇ.

ಅವನು ಟೇಪ್ ಬಿಚ್ಚುವ ಮೊದಲು ಎಲ್ಲವನ್ನೂ ಗೇಣಿನಲ್ಲಿ ಅಳೆಯುತ್ತಿದ್ದ. ಅಗಲವಾದ ಅಂಗೈ, ಗೋಡೆಯ ಮೇಲೆ ಕಂಬಳಿಹುಳುವಿನ ಹಾಗೆ ಸಾಗುತ್ತಿತ್ತು. ಸಂಜೆಯ ಹೊತ್ತಿಗೆ ಅಪ್ಪ ಅವನಿಗೆ ಗೇಣಪ್ಪ ಎಂದು ಹೆಸರಿಟ್ಟಾಗಿತ್ತು.

"ಎರಡನೇ ಪಿಟೀಲು ಕೇಳ್ಸೋವರೆಗೂ ಈ ಕೋಣೆ ಕೆಲ್ಸ ಮುಗೀತು ಅನ್ನಲ್ಲ ಯಜಮಾನ್ರೇ," ಎಂದ ಗೇಣಪ್ಪ ಹೊರಡುವಾಗ. "ಇದು ನನ್ನ ಮಾತು."

ಮರದ ಚೌಕಟ್ಟು, ಅದರೊಳಗೆ ಸದ್ದು ಹೀರುವ ದಪ್ಪ ಉಣ್ಣೆಯಂಥ ಹಾಸು ಅವನ ಪಾಲಿನ ಕೆಲಸ. ಮೇಲಿನ ಬಟ್ಟೆ ಅವಳದು. ಅವಳು ತನ್ನಲ್ಲಿದ್ದ ಅತಿ ಚೆಂದದ ಮಖಮಲ್ಲನ್ನು ತಂದು ಹರಡಿದಳು.

"ಇದು ಬೇಡ. ಬಟ್ಟೆ ಉಸಿರಾಡ್ಬೇಕು," ಎಂದ ಅವನು. "ಹಿಡ್ಕೊಳಿ, ಬಾಯಿ ಹತ್ರ. ಊದಿ." ಬಟ್ಟೆಯ ಆಚೆ ಬದಿಗೆ ತನ್ನ ಅಂಗೈ ಒಡ್ಡಿದ. "ಬರ್ತಿಲ್ಲ."

ಎರಡನೆಯ ಬಟ್ಟೆಗೂ ಬರಲಿಲ್ಲ. ಮೂರನೆಯದು ಸಡಿಲ ನೇಯ್ಗೆಯ ಬೂದು ಬಟ್ಟೆ. ಅವಳು ಊದಿದಳು. ಅವನ ಬೆರಳುಗಳು ಸಣ್ಣಗೆ ಮಡಚಿಕೊಂಡವು.

"ಬಂತಾ?"

"ಬಂತು. ಇನ್ನೊಂದ್ಸಲ ಊದಿ."

"ಬಂತು ಅಂದ್ರಲ್ಲ?"

"ಖಾತ್ರಿ ಮಾಡ್ಕೋಬೇಕಲ್ವಾ."

ಆ ಬಟ್ಟೆಯ ಖಾತ್ರಿಗೆ ಏಳು ಉಸಿರು ಬೇಕಾದವು.

ಹೀಗೆ ಬಟ್ಟೆ ಹೊದಿಸಿದ ಚೌಕಟ್ಟು, ಅವನ ಮಾತಿನಲ್ಲಿ ಪ್ಯಾನೆಲ್, ಭಾನುವಾರಕ್ಕೊಂದು ಏರಿತು. ಹಿಂಗೋಡೆಗೆ, ಸೂರಿಗೆ, ಬಲಗೋಡೆಗೆ. ಪ್ರತಿಧ್ವನಿಯ ಹಾರಾಟ ದಿನದಿನಕ್ಕೆ ತಗ್ಗಿತು. ಉಳಿದದ್ದು ಎಡಗೋಡೆಯದೊಂದು.

ಜಾಗ ಹುಡುಕುವುದಕ್ಕೆ ಕನ್ನಡಿ ಬೇಕು, ಇಬ್ಬರೂ ಬೇಕು. ಒಬ್ಬರು ಕೇಳುವ ಕುರ್ಚಿಯಲ್ಲಿ ಕೂರಬೇಕು, ಇನ್ನೊಬ್ಬರು ಗೋಡೆಗೆ ಕನ್ನಡಿ ಒತ್ತಿ ಮೆಲ್ಲಗೆ ಸರಿಸಬೇಕು. ಕೂತವರಿಗೆ ಕನ್ನಡಿಯಲ್ಲಿ ಸ್ಪೀಕರ್ ಎಲ್ಲಿ ಕಾಣುತ್ತದೋ, ಸ್ವರ ಗೋಡೆಗೆ ಬಡಿದು ಕಿವಿಗೆ ಹಾರುವುದು ಅಲ್ಲಿಂದಲೇ. ಪ್ಯಾನೆಲ್ ಅಲ್ಲೇ ಬೀಳಬೇಕು. ಬಲಗೋಡೆಯ ಸರದಿಗೆ ಅಪ್ಪ ಕೂತಿದ್ದ. ಈ ಭಾನುವಾರ ಅಪ್ಪ, "ಕಟಿಂಗ್‌ಗೆ ಹೋಗ್ಬರ್ತೀನಿ, ನೀನೇ ಕೂತ್ಕೋ ಪುಟ್ಟಿ," ಎಂದು ಚಪ್ಪಲಿ ಮೆಟ್ಟಿ ಹೋಗಿಬಿಟ್ಟ.

ಅವಳು ಕೂತಳು. ಅವನು ಗೋಡೆಗೆ ವಾಲಿ ಕನ್ನಡಿ ಸರಿಸಿದ. ಕನ್ನಡಿಯಲ್ಲಿ ಕಿಟಕಿ ಸರಿಯಿತು, ಸೂರು ಸರಿಯಿತು. ಸ್ಪೀಕರ್ ಇನ್ನೂ ಬಂದಿರಲಿಲ್ಲ. ಅದಕ್ಕೆ ಮೊದಲೇ ಅವನ ಕಣ್ಣುಗಳು ಬಂದವು. ಎದುರೆದುರು ಎಂದೂ ನೆಟ್ಟಗೆ ನಿಲ್ಲದಿದ್ದ ಆ ಕಣ್ಣುಗಳು ಕನ್ನಡಿಯಲ್ಲಿ ತುಂಬಾ ಹೊತ್ತು ನಿಂತವು. ರೆಪ್ಪೆಯ ಮೇಲೆ ಮರದ ಪುಡಿ ಕೂತಿತ್ತು.

"ನಿಲ್ಸಿ," ಎಂದಳು.

"ಕಾಣ್ತಾ?"

"ಕಾಣ್ತು."

"ಸ್ಪೀಕರ್?"

"ಹೂಂ," ಎಂದಳು, ಕನ್ನಡಿಯಿಂದ ಕಣ್ಣು ತೆಗೆಯದೆ.

ಅವನು ಅಲ್ಲೇ ಪೆನ್ಸಿಲಿನಿಂದ ಗುರುತು ಹಾಕಿದ. ಕುಡಿಯಲು ನೀರು ಕೇಳಿದ. ಅವಳು ಕೆಳಗಿಳಿದು ಲೋಟ ತುಂಬುವಾಗ ಮೇಲೆ ಡ್ರಿಲ್ ಎರಡು ಸಲ ಕೂಗಿತು. ಪ್ಯಾನೆಲ್ಲಿಗೆ ಬೇಕಾದದ್ದು ಒಂದೇ ಕೊಕ್ಕೆ. ಆದರೆ ಲೆಕ್ಕ ಹಾಕುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಅಪ್ಪ ಬಂದು ರೆಕಾರ್ಡ್ ಹಾಕಿದ. ಕಣ್ಣು ಮುಚ್ಚಿ ಕೂತ. ಕೊನೆಗೆ ಒಂದೇ ಬೆರಳು ಎತ್ತಿ ತೋರಿಸಿದ.

"ಎಲ್ಲೋ ಒಂಚೂರು ತಪ್ಪಿದೆ ಯಜಮಾನ್ರೇ. ಮುಂದಿನ ಭಾನುವಾರ ಬಂದು ಸರಿ ಮಾಡ್ತೀನಿ," ಎಂದ ಗೇಣಪ್ಪ.

ಮೆಟ್ಟಿಲ ಮೇಲೆ ಅವಳಿಗಷ್ಟೇ ಕೇಳುವಂತೆ ಹೇಳಿದ, "ಟೈಲರಮ್ಮೋರೇ, ನಿಮ್ಮ ಹತ್ರ ಒಂದು ಮಾತಿದೆ."

"ಹೇಳಿ."

"ಕೆಲ್ಸ ಮುಗೀಲಿ, ಹೇಳ್ತೀನಿ. ಅರ್ಧಂಬರ್ಧ ಕೆಲ್ಸ ಇಟ್ಕೊಂಡು ಕೇಳಿದ್ರೆ ನಿಮ್ಮಪ್ಪ ಒಪ್ತಾರಾ?"

"ಅಪ್ಪನ್ನ ಕೇಳೋ ಮಾತಾ, ನನ್ನ ಕೇಳೋ ಮಾತಾ?"

ಅವನ ಕಿವಿ ಮತ್ತೆ ಕೆಂಪಾಯಿತು. ಎರಡೆರಡು ಮೆಟ್ಟಿಲು ಹಾರಿ ಇಳಿದುಹೋದ.

ಗುರುವಾರ ಅವನು ಲಾರಿಯಿಂದ ತೊಲೆ ಇಳಿಸುವಾಗ ಹಗ್ಗ ತುಂಡಾಗಿ ತೊಲೆ ಅವನ ಮೇಲೆ ಬಿತ್ತು. ಭಾನುವಾರ ಬಂತು, ಅವನು ಬರಲಿಲ್ಲ. ಆಮೇಲೆ ಬಂದ ಭಾನುವಾರಗಳಿಗೂ ಅವನು ಇರಲಿಲ್ಲ.

ಎಂಟು ತಿಂಗಳು ಅವಳು ಎಡಗೋಡೆಯ ಪ್ಯಾನೆಲ್ ಮುಟ್ಟಲಿಲ್ಲ. ಅದು ತಪ್ಪು ಜಾಗದಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಆ ತಪ್ಪಿನ ಕೆಳಗೆ ಅವನು ಅವಳನ್ನು ನೋಡಿದ ಜಾಗವಿತ್ತು. ಅದನ್ನು ಸರಿಪಡಿಸಿಬಿಟ್ಟರೆ ತನ್ನ ಪಾಲಿಗೆ ಉಳಿಯುವುದೇನು?

ಒಂದು ಮಧ್ಯಾಹ್ನ ಮಹಡಿ ಹತ್ತಿದಾಗ ಅಪ್ಪ ರೆಕಾರ್ಡುಗಳನ್ನು ರಟ್ಟಿನ ಡಬ್ಬಿಗೆ ತುಂಬುತ್ತಿದ್ದ. ಎರಡು ಪಿಟೀಲಿನದು ಎಲ್ಲಕ್ಕಿಂತ ಮೇಲಿತ್ತು.

"ಇದೇನಪ್ಪಾ?"

"ಕಿವಿ ಇರೋರಿಗೆ ಯಾರಿಗಾದ್ರೂ ಕೊಡೋಣ ಅಂತ."

"ನಿನ್ನ ಕಿವಿಗೇನಾಗಿದೆ?"

"ಗೇಣಪ್ಪ ತಪ್ಪು ಕೆಲ್ಸ ಮಾಡೋನಲ್ಲ ಕಣೇ. ಕೋಣೆ ಸರಿಯಾಗೇ ಇದೆ. ಹೋಗಿರೋದು ನನ್ನ ಕಿವಿ." ಎಲ್ಲೋ ಬಸ್ಸು ಕೆಟ್ಟು ನಿಂತದ್ದನ್ನು ಹೇಳುವಷ್ಟು ಸಲೀಸಾಗಿ ಹೇಳಿದ. ಆದರೆ ರೆಕಾರ್ಡನ್ನು ಹಿಡಿದ ಕೈ ಅದನ್ನು ಬಿಡುತ್ತಿರಲಿಲ್ಲ.

ಅವಳು ಡಬ್ಬಿಯ ಪಕ್ಕ ನೆಲದ ಮೇಲೆ ಕೂತಳು. ತನ್ನ ಒಂದು 'ಹೂಂ' ಎಂಟು ತಿಂಗಳಿಂದ ಅಪ್ಪನನ್ನು ಕಿವುಡನನ್ನಾಗಿ ಮಾಡಿತ್ತು.

"ಅಪ್ಪಾ, ಅವತ್ತು ನಾನು ಸುಳ್ಳು ಹೇಳ್ದೆ. ಕನ್ನಡೀಲಿ ಸ್ಪೀಕರ್ ಕಾಣ್ತು ಅಂತ."

"ಮತ್ತೇನು ಕಾಣ್ತು?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಅಪ್ಪ ರೆಕಾರ್ಡನ್ನು ಡಬ್ಬಿಯ ಮೇಲಿಟ್ಟ.

"ಮೂವತ್ನಾಲ್ಕು ವರ್ಷ ಕನ್ನಡಿ ನೋಡ್ಕೊಂಡೇ ಬಸ್ ಓಡ್ಸಿದೀನಿ ಪುಟ್ಟಿ. ಹಿಂದಿನ ಸೀಟಲ್ಲಿ ಯಾರು ಯಾರನ್ನ ನೋಡ್ತಾರೆ ಅಂತ ನಂಗೆ ಗೊತ್ತಾಗಲ್ವಾ?" ತನ್ನ ಬೋಳಾದ ನೆತ್ತಿ ಸವರಿಕೊಂಡ. "ಅವತ್ತು ಕಟಿಂಗ್ ಅಂತ ಹೋದ್ನಲ್ಲ. ಈ ತಲೇಲಿ ಕತ್ತರಿಸೋಕೆ ಏನಿತ್ತು ಹೇಳು?"

ಅವಳು ನಕ್ಕಳು. ನಗು ಅರ್ಧದಲ್ಲೇ ಅಳುವಾಯಿತು. ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟು, ಅದು ಮುಗಿಯುವವರೆಗೆ ಕಾದ.

"ಏಳು. ಕನ್ನಡಿ ತಗೊಂಡ್ಬಾ. ಅವನು ಕೊಟ್ಟ ಮಾತು ಬಾಕಿ ಇರ್ಬಾರ್ದು."

ಅವಳು ಪ್ಯಾನೆಲ್ ಇಳಿಸಿದಳು. ಅದರ ಹಿಂದೆ ಗೋಡೆಯ ಬಣ್ಣ ಇನ್ನೂ ಹೊಸದಾಗಿತ್ತು. ಕೊಕ್ಕೆಯ ಕೆಳಗೆ ಅವನ ಪೆನ್ಸಿಲ್ ಗುರುತು. ಅದರ ಮೇಲೆ ಅಂಗೈ ಒತ್ತಿದಳು. ಕಣ್ಣು ಮಂಜಾಗಿ ಬೇರೇನೂ ಕಾಣಲಿಲ್ಲ. ಆಮೇಲೆ ಅವನು ನಿಂತಿದ್ದಲ್ಲೇ ನಿಂತು, ಅವನ ಹಾಗೇ ವಾಲಿ, ಕನ್ನಡಿ ಸರಿಸತೊಡಗಿದಳು. ಕುರ್ಚಿಯಲ್ಲಿ ಅಪ್ಪ ಬೆನ್ನು ನೆಟ್ಟಗೆ ಮಾಡಿ ಕೂತ.

"ರೈಟ್... ರೈಟ್... ಇನ್ನೂ ಹೋಗ್ಲಿ, ರೈಟ್... ಹೋಲ್ಡಾನ್!"

ಅವಳು ನಿಲ್ಲಿಸಿ, ಗುರುತು ಹಾಕಲು ಪೆನ್ಸಿಲ್ ಎತ್ತಿದಳು.

ಗುರುತು ಅಲ್ಲಿ ಆಗಲೇ ಇತ್ತು.

ಅದರ ಮೇಲೆ ಒಂದು ತೂತು, ತೂತಿನಲ್ಲಿ ಪ್ಲಗ್ಗು, ಕೊಕ್ಕೆ ತಿರುಗಿಸುವುದಷ್ಟೇ ಬಾಕಿ. ಪಕ್ಕದಲ್ಲಿ ಓರೆಯಾದ ಅಕ್ಷರಗಳಲ್ಲಿ ಎರಡೇ ಪದ: ಮುಂದಿನ ಭಾನುವಾರ.

ಎರಡೂ ಗುರುತುಗಳ ನಡುವೆ ಅವಳು ಗೇಣು ಹಾಕಿ ನೋಡಿದಳು. ಒಂದು ಬೆರಳು ಕಡಿಮೆ ಬಿತ್ತು. ಅದು ಅವನ ಗೇಣು.

ಗೊತ್ತಿತ್ತು ಅವನಿಗೆ. ಅವಳು ಕಂಡದ್ದೇನು ಎಂದೂ ಗೊತ್ತಿತ್ತು, ಸ್ಪೀಕರ್ ಕಾಣುವುದೆಲ್ಲಿ ಎಂದೂ ಗೊತ್ತಿತ್ತು. ಇನ್ನೊಂದು ಭಾನುವಾರಕ್ಕೆ ನೆಪ ಬೇಕಾಗಿತ್ತು, ಅವಳಿಗೆ ಬೇಕಾಗಿದ್ದ ಹಾಗೆಯೇ.

ಕೊಕ್ಕೆಯನ್ನು ಹಳೆಯ ತೂತಿನಿಂದ ಬಿಚ್ಚಿ ಹೊಸದಕ್ಕೆ ತಿರುಗಿಸಿದಳು. ಪ್ಯಾನೆಲ್ ಎತ್ತಿ ತೂಗುಹಾಕಿದಳು. ಆ ಎರಡು ಪದಗಳು ಬೂದು ಬಟ್ಟೆಯ ಹಿಂದೆ ಸರಿದವು. ಒಂದು ಗೇಣು ಮೇಲಿದ್ದ ಹಳೆಯ ಗುರುತು ಮಾತ್ರ ಮೇಲಂಚಿನ ಆಚೆ ಹೊರಗೆ ಉಳಿದಿತ್ತು. ಹೆಬ್ಬೆರಳಿನಿಂದ ಉಜ್ಜಲು ಹೋದಳು, ಮನಸ್ಸು ಬಾರದೆ ಬಿಟ್ಟಳು.

ಅಪ್ಪ ರೆಕಾರ್ಡ್ ಹಾಕಿದ. ಬಲಗಡೆಯಿಂದ ಒಂದು ಪಿಟೀಲು ಹೊರಟಿತು. ಅಪ್ಪನ ಒಂದು ಬೆರಳು ಮೇಲೆದ್ದಿತು. ಅದು ಹಾಗೇ ಗಾಳಿಯಲ್ಲಿ ಕಾಯಿತು. ಆಮೇಲೆ ಎಡಗಡೆಯಿಂದ, ಇಷ್ಟು ದಿನ ಮೊದಲನೆಯದರ ನೆರಳಲ್ಲೇ ನಡೆದಿದ್ದ ಇನ್ನೊಂದು, ತನ್ನ ದಾರಿಯಲ್ಲಿ ತಾನು, ಸ್ವಲ್ಪ ಹಿಂದೆ, ಸ್ವಲ್ಪ ಮೆಲ್ಲಗೆ ಬಂತು.

ಅಪ್ಪನ ಎರಡನೆಯ ಬೆರಳು ಎದ್ದಿತು. ಮುಚ್ಚಿದ ಕಣ್ಣಿಂದ ನೀರು ಇಳಿಯುತ್ತಿತ್ತು.

ರೆಕಾರ್ಡ್ ಮುಗಿದ ಮೇಲೆ ಅಪ್ಪ ಸದ್ದು ಮಾಡದೆ ಎದ್ದು ಕೆಳಗೆ ಹೋದ. ಅವಳು ಕುರ್ಚಿಯಲ್ಲಿ ಕೂತು ಎಡಗೋಡೆಯ ಕಡೆ ತಿರುಗಿದಳು.

"ಕೆಲ್ಸ ಮುಗೀತು," ಎಂದಳು. "ಈಗ ಹೇಳಿ."

ಕೆಮ್ಮಿದರೆ ಕೆಮ್ಮುತ್ತಿದ್ದ, ತಟ್ಟಿದರೆ ತಟ್ಟುತ್ತಿದ್ದ ಆ ಗೋಡೆಗಳು ಈಗ ಒಂದು ಮಾತನ್ನೂ ಮರಳಿ ಕೊಡಲಿಲ್ಲ. ಅಷ್ಟು ಅಚ್ಚುಕಟ್ಟಾಗಿತ್ತು ಅವನ ಕೆಲಸ.