ಒಡೆದುಹೋದ ಉಂಡೆಗಳು

ಎರಡನೆಯ ಸಲವೂ ಮಾಂಸದ ಉಂಡೆಗಳು ಟೊಮೆಟೊ ರಸದಲ್ಲಿ ಒಡೆದುಹೋದಾಗ ಅಜ್ಜಿ ಸೌಟನ್ನು ಕಟ್ಟೆಯ ಮೇಲಿಟ್ಟು, ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಪಕ್ಕದ ಪಾತ್ರೆಯಲ್ಲಿ ಸ್ಪಾಗೆಟ್ಟಿ ಒಂದಕ್ಕೊಂದು ಅಂಟಿ ಹಗ್ಗದ ಸುರುಳಿಯಂತಾಗಿತ್ತು. ಒಳಕೋಣೆಯಲ್ಲಿ ಏಳು ವರ್ಷದ ಮೊಮ್ಮಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮೂರು ದಿನದಿಂದ ಆ ಗಂಟಲಲ್ಲಿ ಆಗೊಮ್ಮೆ ಈಗೊಮ್ಮೆ ಗುಟುಕು ನೀರು ಬಿಟ್ಟರೆ ಬೇರೇನೂ ಇಳಿದಿರಲಿಲ್ಲ. ಸಂಜೆಯೊಳಗೆ ಏನಾದರೂ ತಿನ್ನದಿದ್ದರೆ ಆಸ್ಪತ್ರೆಗೆ ಸೇರಿಸಲೇಬೇಕು ಎಂದು ಡಾಕ್ಟರು ಬೆಳಗ್ಗೆ ಹೇಳಿಹೋಗಿದ್ದರು. ಏನು ಬೇಕು ಕಂದಾ ಎಂದು ಅಜ್ಜಿ ಗೋಗರೆದಾಗ ಒಣಗಿದ ತುಟಿಯಿಂದ ಬಂದದ್ದು ಒಂದೇ ಮಾತು.

"ಅಮ್ಮ ಮಾಡ್ತಿದ್ದ ಸ್ಪಾಗೆಟ್ಟಿ. ಉಂಡೆ ಹಾಕಿದ್ದು."

ಆ ಅಮ್ಮನನ್ನು ಹನ್ನೊಂದು ದಿನದ ಹಿಂದೆ ಇದೇ ಅಡುಗೆಮನೆಯಿಂದ ಹೊರಗಟ್ಟಿದವಳು ಅಜ್ಜಿಯೇ! ಆಸ್ಪತ್ರೆಯ ಲಾಂಡ್ರಿಯಲ್ಲಿ ನಲವತ್ತು ಹೆಂಗಸರನ್ನು ಕಣ್ಸನ್ನೆಯಲ್ಲೇ ಕುಣಿಸಿದ ಮೇಲ್ವಿಚಾರಕಿ ಅವಳು. ಮನೆಯಲ್ಲೂ ಅವಳು ಹಾಕಿದ ಗೆರೆ ದಾಟುವವರಿರಲಿಲ್ಲ. ಹಾಸ್ಟೆಲ್ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಸೊಸೆ ಮಾತ್ರ ಅವಳಿಗೆ ಕಣ್ಣಲ್ಲಿ ಬಿದ್ದ ಕಸ. ರಜೆಯ ದಿನ ತಾಯಿ-ಮಗಳು ಅಕ್ಕಪಕ್ಕ ನಿಂತು ಉಂಡೆ ಕಟ್ಟುತ್ತ ನಗುತ್ತಿದ್ದರೆ, ಆ ನಗುವಿನಲ್ಲಿ ತನಗೆ ಪಾಲಿಲ್ಲವೆಂದು ಅವಳ ಹೊಟ್ಟೆ ಉರಿಯುತ್ತಿತ್ತು. ಆ ದಿನ, ಕ್ಯಾಂಟೀನಿನ ಎಂಜಲು ತಂದು ನನ್ನ ಮೊಮ್ಮಗಳಿಗೆ ತಿನ್ನಿಸುತ್ತೀಯಾ ಎಂದು ಪಾತ್ರೆಯನ್ನೇ ಕಸದ ಬುಟ್ಟಿಗೆ ಬೋರಲು ಹಾಕಿದ್ದಳು. ಮಾತಿಗೆ ಮಾತು ಬೆಳೆಯಿತು. ಲಾರಿ ಓಡಿಸುವ ಮಗ ಬಾಗಿಲಲ್ಲಿ ಕಂಬದಂತೆ ನಿಂತಿದ್ದ. ಸೊಸೆ ಹೊರಟು ಕ್ಯಾಂಟೀನಿನ ಹತ್ತಿರದ ಬಾಡಿಗೆ ಕೋಣೆ ಸೇರಿದಳು, ಮಗುವಿನ ಕೈಯನ್ನು ಮಾತ್ರ ಅಜ್ಜಿ ಬಿಡಲಿಲ್ಲ. ಮರುದಿನ ಮಗ ದೂರದ ಊರಿಗೆ ಲೋಡು ತೆಗೆದುಕೊಂಡು ಹೋದ. ಆಮೇಲೆ ಸೊಸೆ ಮೂರು ಸಲ ಗೇಟಿನವರೆಗೆ ಬಂದಳು. ಮೂರು ಸಲವೂ ಅಜ್ಜಿ ಕದ ತೆರೆಯಲಿಲ್ಲ.

ಇಷ್ಟೇ ಆಗಿದ್ದರೆ... ಆದರೆ ಅಮ್ಮ ಎಲ್ಲಿ, ಅಮ್ಮ ಯಾಕೆ ಬರಲಿಲ್ಲ ಎಂದು ಮೂರು ದಿನದ ಹಿಂದೆ ಮಗು ಬೆನ್ನುಬಿದ್ದಾಗ ಅವಳು ಆಡಬಾರದ ಮಾತೊಂದನ್ನು ಆಡಿದ್ದಳು. ನಿಮ್ಮಮ್ಮನಿಗೆ ನೀನು ಬೇಡವಂತೆ, ಎಂದಿದ್ದಳು. ಮಗು ಅಳಲಿಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದುಹೋಯಿತು, ಅಷ್ಟೇ.

ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದೆ ಎನ್ನುತ್ತಾರೆ; ಅಜ್ಜಿಯ ಬಿಗುಮಾನಕ್ಕೂ ಹಾಗೇ ಆಯಿತು. ಗಡಿಯಾರ ಎರಡು ತೋರಿಸುತ್ತಿತ್ತು. ಅಜ್ಜಿ ಸೊಸೆಗೆ ಫೋನ್ ಮಾಡಿದಳು.

"ಉಂಡೆ ಒಡೀತಾ ಇದೆ. ಏನು ಮಾಡ್ಬೇಕು?"

ಸೊಸೆ ಕೆಲಸಕ್ಕೆ ಹೊಸದಾಗಿ ಸೇರಿದವಳಿಗೆ ಹೇಳುವಂತೆ ಹೇಳಿದಳು: ಬ್ರೆಡ್ಡನ್ನು ಹಾಲಲ್ಲಿ ನೆನೆಸಿ ಹಿಂಡಿ ಕೈಮಾಕ್ಕೆ ಸೇರಿಸಬೇಕು, ಒಂದು ಮೊಟ್ಟೆ ಹಾಕಬೇಕು, ಮೊದಲು ಎಣ್ಣೆಯಲ್ಲಿ ಕೆಂಪಗೆ ಹುರಿದು ಆಮೇಲೆ ರಸಕ್ಕೆ ಬಿಡಬೇಕು. ಹೇಳುತ್ತ ಹೇಳುತ್ತ ಅವಳ ದನಿ ತಗ್ಗಿತು.

"ಇದು ಯಾರಿಗೆ ಅತ್ತೆ?"

ಅಜ್ಜಿ ಎಲ್ಲವನ್ನೂ ಹೇಳಿದಳು. ಮೂರು ದಿನದ ಉಪವಾಸ, ಡಾಕ್ಟರ ಗಡುವು, ಕೊನೆಗೆ ತಾನು ಆಡಿದ ಆ ಮಾತು. ಆ ಕಡೆ ಸೊಸೆ ಕ್ಯಾಂಟೀನಿನ ಪಾತ್ರೆಯೊಂದನ್ನು ಕುಕ್ಕಿದ ಸದ್ದು ಕೇಳಿಸಿತು.

"ಒಲೆ ಆರಿಸಿ. ಬರ್ತಾ ಇದೀನಿ."

ಅವಳು ಏಪ್ರನ್ ಕೂಡ ಬಿಚ್ಚದೆ ಬಂದಳು. ನೇರ ಕೋಣೆಗೆ ಹೋಗಿ ಮಗಳ ಬೆನ್ನ ಮೇಲೆ ಕೈಯಿಟ್ಟಳು. ಮಗು ತಿರುಗಲಿಲ್ಲ.

"ನಿಂಗೆ ನಾನು ಬೇಡ ಅಲ್ವಾ. ಹೋಗು."

ತಾಯಿಯ ಮುಖ ಬಿಳಿಚಿಕೊಂಡಿತು. ಅವಳು ಅತ್ತೆಯ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟೂ ಉಳಿದಿರಲಿಲ್ಲ. ಅಜ್ಜಿ ಮಂಚದ ಅಂಚು ಹಿಡಿದು ಮಂಡಿಯೂರಿದಳು. ಹುಟ್ಟಿದಾಗಿನಿಂದ ಯಾರ ಮುಂದೆಯೂ ಬಗ್ಗದ ಜೀವ ಅದು.

"ಕಂದಾ, ನಾನು ಸುಳ್ಳು ಹೇಳಿದೆ. ನಿಮ್ಮಮ್ಮ ಹಾಗೆ ಅನ್ನಲೇ ಇಲ್ಲ. ಮೂರು ಸಲ ಬಂದಿದ್ಲು ನಿನಗೋಸ್ಕರ. ನಾನೇ... ನಾನೇ ಬಾಗಿಲು ತೆಗೀಲಿಲ್ಲ."

ಮಗು ನಿಧಾನವಾಗಿ ಹೊರಳಿತು. ಮೊದಲು ಅಜ್ಜಿಯನ್ನು ನೋಡಿತು, ಬಹಳ ಹೊತ್ತು. ಆಮೇಲೆ ಅಮ್ಮನ ಕುತ್ತಿಗೆಗೆ ಜೋತುಬಿದ್ದು ಗೊಳೋ ಎಂದು ಅತ್ತಿತು. ಮೂರು ದಿನ ಬಾರದ ಅಳು ಅದು.

ಅಳು ಇಳಿದ ಮೇಲೆ ಸೊಸೆ ಅಡುಗೆಮನೆಗೆ ಬಂದು, ಉಳಿದಿದ್ದ ಕೈಮಾದ ಬಟ್ಟಲನ್ನು ಅತ್ತೆಯ ಮುಂದೆ ಸರಿಸಿದಳು. ಮೇಲ್ವಿಚಾರಕಿಯಾಗುವ ಮೊದಲು ವರ್ಷಗಟ್ಟಲೆ ಒದ್ದೆ ಬಟ್ಟೆ ಹಿಂಡಿದ ಅಜ್ಜಿಯ ಕೈಗೆ ಹಗುರವಾಗಿ ಹಿಡಿಯುವುದು ಗೊತ್ತಿರಲಿಲ್ಲ.

"ಅದುಮಬೇಡಿ ಅತ್ತೆ. ಮಗು ಕೆನ್ನೆ ಮುಟ್ಟಿದ ಹಾಗೆ."

ನಾಲ್ಕನೆಯ ಉಂಡೆ ಒಡೆಯದೆ ನಿಂತಿತು. ಐದು ಗಂಟೆಗೆ ಮಗು ಅಮ್ಮನ ತೊಡೆಯ ಮೇಲೆ ಕೂತು ಅರ್ಧ ಉಂಡೆ ತಿಂದಿತು, ಆಮೇಲೆ ಸ್ಪಾಗೆಟ್ಟಿಯ ಒಂದು ಎಳೆಯನ್ನು ಸುರ್ರೆಂದು ಎಳೆದುಕೊಂಡಿತು, ಆಮೇಲೆ ಉಳಿದರ್ಧ. ಬಾಗಿಲ ಹಿಂದೆ ಅಜ್ಜಿ ಬೆರಳು ಕಚ್ಚಿಕೊಂಡು ನಿಂತಿದ್ದಳು.

ಯಾರೂ ಕೇಳದೆಯೇ ಅವಳು ಮಗುವಿನ ಬಟ್ಟೆ, ಪುಸ್ತಕಗಳನ್ನೆಲ್ಲ ಜೋಡಿಸಿ ತಂದು ಸೊಸೆಯ ಪಕ್ಕದಲ್ಲಿಟ್ಟಳು. ಕರ್ಕೊಂಡು ಹೋಗು, ನಾನು ತಡೆಯಲ್ಲ ಎಂದಳು. ಸೊಸೆ ಕ್ಷಮಿಸಿದೆ ಎನ್ನಲಿಲ್ಲ. ಆಗಲಿ ಎಂಬಂತೆ ತಲೆಯಾಡಿಸಿದಳು. ಮೆಟ್ಟಿಲ ಮೇಲೆ ಅಜ್ಜಿ ಬಗ್ಗಿ ಶೂ ಲೇಸು ಕಟ್ಟಲು ಹೋದಾಗ ಮಗು ಕಾಲು ಹಿಂದೆಳೆದುಕೊಂಡಿತು.

"ಇನ್ನೇನಾದ್ರೂ ಸುಳ್ಳು ಹೇಳಿದೀಯಾ ಅಜ್ಜಿ?"

"ಇಲ್ಲ ಕಂದಾ. ಅದೊಂದೇ."

ಮಗು ಯೋಚಿಸಿತು. ಆಮೇಲೆ ಕಾಲು ಮುಂದೆ ಚಾಚಿತು.

ಮರುದಿನ ದಾರಿಯಿಂದ ಮಗ ಫೋನ್ ಮಾಡಿದ. ಅಜ್ಜಿ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಲಾರಿ ತಿರುಗಿಸಿಕೊಂಡು ನೇರ ಹೆಂಡತಿಯ ಹತ್ತಿರ ಹೋಗು, ಅವತ್ತು ಬಾಯಿ ಹೊಲಿದುಕೊಂಡು ನಿಂತಿದ್ದಕ್ಕೆ ಕ್ಷಮೆ ಕೇಳು, ಅಲ್ಲೇ ಮನೆ ಮಾಡು ಎಂದಳು.

"ಅಮ್ಮಾ... ನೀನೊಬ್ಬಳೇ ಆಗ್ತೀಯಲ್ಲ?"

ಅಜ್ಜಿ ಅಡುಗೆಮನೆಯ ಕಡೆ ನೋಡಿದಳು.

"ಹೌದಪ್ಪಾ, ಆಗ್ತೀನಿ," ಎಂದಳು. "ಮೊದಲು ನೀನು ಅಲ್ಲಿಗೆ ಹೋಗು. ಮಗು ಇವತ್ತು ಏನು ತಿಂತು ಅಂತ ಅಷ್ಟು ನಂಗೆ ಹೇಳು ಸಾಕು."