ಹಿಮದ ಕೊಳಕ್ಕೆ ಹೋಗುವ ದಾರಿ

ಹಿಮದಲ್ಲಿ ಜಾರಲು ಬರುವವರಿಗೆ ಊರಿನ ಇಳಿಜಾರುಗಳು ಸಾಲವು ಎಂದು ಎಗಿಡ್ ಹೇಳಿದ ದಿನವೇ ಅಫ್ರಾಳಿಗೆ ಮೈ ಉರಿದುಹೋಯಿತು. ಹೋಟೆಲು ಅವನದು, ಜನರನ್ನು ಬೆಟ್ಟಕ್ಕೆ ಏರಿಸುವ ತಂತಿಕುರ್ಚಿಗಳೂ ಅವನವೇ. ಈಗ ಅವನ ಕಣ್ಣು ಬಿದ್ದದ್ದು ಮೇಲಿನ ಹುಲ್ಲುಗಾವಲಿನ ಮೇಲೆ. ಮದುವೆಯಾಗಿ ಬಂದಾಗಿನಿಂದ ಅಫ್ರಾ ಪ್ರತಿ ಬೇಸಿಗೆಯೂ ಊರಿನ ಹಸುಗಳನ್ನು ಹೊಡೆದುಕೊಂಡು ಹೋಗಿ, ಚೀಸು ಮಾಡಿಕೊಂಡು ಇರುತ್ತಿದ್ದ ಜಾಗ ಅದು.

"ಕೆಳಗೆ ಹಿಮ ಬೀಳೋದೇ ನಿಂತೋಗಿದೆ ಅಫ್ರಕ್ಕ. ಮೇಲಕ್ಕೆ ಹೋಗ್ದಿದ್ರೆ ಊರಿಗೂರೇ ಬಾಗಿಲು ಹಾಕ್ಬೇಕಾಗುತ್ತೆ," ಎಂದಿದ್ದ ಎಗಿಡ್ ಊರ ಸಭೆಯಲ್ಲಿ.

"ಹಿಮದ ಬೆನ್ನು ಹತ್ತಿ ಹತ್ತಿ ಕೊನೆಗೆ ಮೋಡಕ್ಕೇ ಕಂಬ ನೆಡ್ತೀಯೇನೋ?"

ಸಭೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ನಕ್ಕವರೇ ಆಮೇಲೆ ಕೈಯೆತ್ತಿ ಎಗಿಡ್‌ಗೆ ಒಪ್ಪಿಗೆ ಕೊಟ್ಟರು.

ಬೇಸಿಗೆ ಕಳೆಯುವುದರೊಳಗೆ ಹುಲ್ಲುಗಾವಲಿನ ನಡುವೆ ದೊಡ್ಡ ಕೊಳ ತೋಡಿ, ಕಪ್ಪು ಪ್ಲಾಸ್ಟಿಕ್ ಹಾಸಿ, ತೊರೆಯ ನೀರನ್ನೆಲ್ಲ ತುಂಬಿಸಿಕೊಂಡರು. ಚಳಿ ಬಿದ್ದೊಡನೆ ಯಂತ್ರಗಳು ಆ ನೀರನ್ನು ಹಿಮವಾಗಿ ಉಗುಳಬೇಕು. ಹಾಸು ಈಗ ಹರಿದರೆ ಈ ವರ್ಷ ಹಿಮವಿಲ್ಲ. ಹಿಮವಿಲ್ಲದಿದ್ದರೆ ಎಗಿಡ್‌ನ ಬೆನ್ನಿಗೆ ನಿಂತ ಪೇಟೆಯ ಸಾಹುಕಾರರು ತಾವಾಗಿಯೇ ಕಾಲು ಕೀಳುತ್ತಾರೆ. ಬೇಡಿಕೊಂಡದ್ದು ಸಾಕು ಎಂದು ಅಫ್ರಾ ತೀರ್ಮಾನಿಸಿದಳು.

ಯಾರ ತಲೆಗೆ ಕಟ್ಟುವುದು ಎಂಬುದಕ್ಕೂ ಹುಡುಕಾಡಬೇಕಾಗಿರಲಿಲ್ಲ. ಬೆಟ್ಟ ಉಳಿಸುತ್ತೇವೆಂದು ವಿಯೆನ್ನಾದಿಂದ ಬಂದ ಹುಡುಗ ಹುಡುಗಿಯರು ಹುಲ್ಲುಗಾವಲಿನ ಬೇಲಿಯಾಚೆ ಗುಡಾರ ಹಾಕಿದ್ದರು. ಒಳ್ಳೆಯ ಮಕ್ಕಳೇ. ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಹಾಲು ಕೇಳುವರು, ಹಸುಗಳಿಗೆ ತತ್ವಜ್ಞಾನಿಗಳ ಹೆಸರಿಡುವರು, ಗೇಟು ಹಾರುಹೊಡೆದು ಬಿಟ್ಟು ಹಾಡುತ್ತ ಹೋಗುವರು, ಅವಳ ಒಲೆಯ ಹೊಗೆಯಿಂದ ಗಾಳಿ ಕೆಡುತ್ತದೆಂದು ಅವಳಿಗೇ ಪಾಠ ಹೇಳುವರು. ಒಂದು ಕಡಸು ಹೊರಗೋಡಿ ಕಾಲು ಮುರಿದುಕೊಂಡಾಗ ಅಫ್ರಾ ಪೊಲೀಸ್ ವೆಂಡೆಲಿನ್‌ನನ್ನೇ ಕರೆಸಿ ಅವರಿಗೆ ಛೀಮಾರಿ ಹಾಕಿಸಿದ್ದಳು. ಸಿಕ್ಕಿಬಿದ್ದರೂ ಅವರಿಗೇನು? ಅಪ್ಪಂದಿರು ವಕೀಲರನ್ನಿಟ್ಟು ಬಿಡಿಸಿಕೊಳ್ಳುತ್ತಾರೆ. ಅವಳ ಹುಲ್ಲುಗಾವಲಿಗೆ ಅಪ್ಪನೂ ಇಲ್ಲ, ವಕೀಲನೂ ಇಲ್ಲ.

ಭಾನುವಾರ ಕೆಲಸಗಾರರಿರಲಿಲ್ಲ. ಮಕ್ಕಳು ಚರ್ಚಿನ ಮುಂದೆ ಪ್ರತಿಭಟನೆಯ ಫಲಕ ಹಿಡಿಯಲು ಕೆಳಗಿಳಿದಿದ್ದರು. ಅಷ್ಟು ಜನರಲ್ಲಿ ಒಬ್ಬ ಮೇಲೆಯೇ ಉಳಿದಿದ್ದರೂ ಯಾರಿಗೂ ತಿಳಿಯುವಂತಿರಲಿಲ್ಲ. ಅಫ್ರಾ ಚೀಸಿನ ಕೆಲಸವನ್ನು ಹಿಂದಿನ ದಿನವೇ ಮುಗಿಸಿ, ಹಸಿ ಗಡ್ಡೆಯನ್ನು ಅಚ್ಚಿನಲ್ಲಿಟ್ಟಿದ್ದಳು. ಒಲೆಯ ಮೇಲೆ ಹಾಲಿಟ್ಟವಳು ಸೌಟು ಬಿಟ್ಟು ಕದಲುವುದಿಲ್ಲ ಎಂಬುದು ಊರಿಗೇ ಗೊತ್ತು. ಕೇಳಿದವರಿಗೆ ಗಡ್ಡೆ ತೋರಿಸಿ, ಭಾನುವಾರ ಮಾಡಿದ್ದು ಎಂದರಾಯಿತು.

ಮಂಜು ಕವಿದಿತ್ತು. ಗುಡಾರದ ಮುಂದೆ ಹುಡುಗನೊಬ್ಬ ಬಿಟ್ಟುಹೋಗಿದ್ದ ಬೂಟಿಗೆ ಬಟ್ಟೆ ತುರುಕಿ ಹಾಕಿಕೊಂಡಳು. ಅವರದೇ ಚಾಕು ತೆಗೆದುಕೊಂಡಳು. ಕೆಸರಲ್ಲಿ ಬೇಕೆಂದೇ ಒತ್ತಿ ಒತ್ತಿ ಹೆಜ್ಜೆಯಿಟ್ಟು, ಗೇಟು ದಾಟಿ, ಕೊಳದ ಹಾಸನ್ನು ಉದ್ದಕ್ಕೂ ಸೀಳಿದಳು. ನೀರು ತನ್ನ ಹಳೆಯ ತೊರೆಯ ದಾರಿ ಹಿಡಿದು ಇಳಿಯಿತು. ಅದರ ಸದ್ದು ಕೇಳಿ ಅವಳಿಗೆ ಅಳು ಬಂತು, ಸಂತೋಷದ ಅಳು. ಬಂದ ದಾರಿಯಲ್ಲೇ ಮರಳಿ ಬೂಟು, ಚಾಕು ಎರಡನ್ನೂ ಇದ್ದಲ್ಲೇ ಇಟ್ಟಳು. ಒಂದೂ ತಪ್ಪಿರಲಿಲ್ಲ.

ಮರುದಿನ ವೆಂಡೆಲಿನ್ ಬಂದ. ಅವಳ ಕೊಟ್ಟಿಗೆಯಲ್ಲೇ ಹಾಲು ಕರೆಯಲು ಕಲಿತವನು. ಗಡ್ಡೆ ನೋಡಿದ, ತಲೆಯಾಡಿಸಿದ. ಗುಡಾರಕ್ಕೆ ಹೋಗಿ ಬೂಟು ನೋಡಿದ. ಮಕ್ಕಳು ಬಿಳಿಚಿಕೊಂಡು ನಿಂತಿದ್ದರು.

"ನಂಗ್ಯಾಕೆ ಕೇಳ್ತೀಯ? ಕೆಸರೇ ಹೇಳ್ತಿದೆಯಲ್ಲ," ಎಂದಳು ಅಫ್ರಾ.

"ಹೌದತ್ತೆ, ಹೇಳ್ತಿದೆ. ಬಾ, ಕೊಳದ ತನಕ ಹೋಗ್ಬರೋಣ."

ಹೆಜ್ಜೆಗುರುತುಗಳ ಪಕ್ಕದಲ್ಲೇ ಇಬ್ಬರೂ ನಡೆದರು. ವೆಂಡೆಲಿನ್ ಗೇಟು ತೆರೆದು ಮುಂದೆ ಹೋದ, ಅಫ್ರಾ ಹಿಂದೆ ಬಂದಳು. "ಹಿಡಿದು ಒಳಗೆ ಹಾಕು. ಇನ್ನೇನು ನೋಡೋದಿದೆ?" ಎನ್ನುತ್ತಲೇ ಹಿಂದಕ್ಕೆ ತಿರುಗಿ, ಮಂಡಿಯಿಂದ ಗೇಟಿನ ಮರದ ಪಟ್ಟಿಯನ್ನು ಒತ್ತಿ, ತಂತಿಯ ಕುಣಿಕೆಯನ್ನು ಕಂಬಕ್ಕೆ ಸಿಕ್ಕಿಸಿದಳು. ವೆಂಡೆಲಿನ್ ನಿಂತುಬಿಟ್ಟ. ಅವಳ ಕಾಲ ಬಳಿಯ ಕೆಸರನ್ನೇ ನೋಡಿದ. ಕೊಳದತ್ತ ಹೊರಟಿದ್ದ ದೊಡ್ಡ ಬೂಟಿನ ಗುರುತುಗಳು ಅಲ್ಲಿ ಹಿಂದಕ್ಕೆ ತಿರುಗಿ, ಗೇಟಿಗೆ ಮುಖ ಮಾಡಿ ಜೋಡಿಯಾಗಿ ನಿಂತು, ಆಮೇಲೆ ಮುಂದಕ್ಕೆ ಹೋಗಿದ್ದವು. "ಬೂಟು ಅವರ್ದೇ ಅತ್ತೆ," ಎಂದ ಮೆಲ್ಲಗೆ. "ಆದ್ರೆ ಗೇಟು ಹಾಕಿ ಹೋಗಿದಾರೆ." ಅಫ್ರಾ ಕುಣಿಕೆಯ ಮೇಲಿದ್ದ ತನ್ನ ಕೈಯನ್ನು ನೋಡಿಕೊಂಡಳು. ನಿನ್ನೆ ಅದನ್ನು ಹಾಕಿದ್ದು ಅವಳಿಗೆ ನೆನಪೇ ಇರಲಿಲ್ಲ. ಆಮೇಲೆ ತಲೆಯೆತ್ತಿ, ಅವನ ಕಣ್ಣಿಗೆ ಕಣ್ಣಿಟ್ಟು ಗದರಿದಳು: "ಹಾಕ್ದೆ ಇನ್ನೇನು ಮಾಡ್ಬೇಕಿತ್ತೋ? ಹಸುಗಳಿರ್ಲಿಲ್ವಾ ಒಳಗೆ?"